ಕಾಣಿಕೆ ಡಬ್ಬಿಗೆ ಬಾಯಿ ಬಂದದ್ದು

ಊರಿಗೆಲ್ಲ ಕೊರೊನಾ ಬಂದರೂ ನನ್ನ ಟಾರ್ಗೆಟ್ ಮಾತ್ರ ಗಟ್ಟಿಮುಟ್ಟಾಗಿಯೇ ಇತ್ತು. ಅಂಗಡಿಗಳಿಗೆ ಕ್ಯೂಆರ್ ಸ್ಟಿಕ್ಕರ್, ದುಡ್ಡು ಬಂದರೆ ಕೂಗಿ ಹೇಳುವ ಸ್ಪೀಕರ್ ಡಬ್ಬಿ ಹಾಕಿಕೊಡೋದು ನನ್ನ ಕೆಲಸ. ಅಂಗಡಿಗಳೆಲ್ಲ ಶಟರ್ ಎಳೆದಿದ್ದವು. ಜೆ.ಪಿ. ನಗರದ ಒಂದು ಚರ್ಚಿನಿಂದ ಫೋನ್ ಬಂದಾಗ, ಅದೂ ಆಗಲಿ ಅಂತ ಸುಸ್ತಾಗಿದ್ದರೂ ಬಿಸಿಲಲ್ಲೇ ಗಾಡಿ ತೆಗೆದೆ.

ಒಳಗೆ ಖಾಲಿ ಬೆಂಚುಗಳು, ಸ್ಟ್ಯಾಂಡಿಗೆ ಸಿಕ್ಕಿಸಿದ ಒಂದು ಫೋನು, ಮಾಸ್ಕ್ ಹಾಕಿದ ಫಾದರ್. ಜನ ಮನೆಯಲ್ಲೇ ಕೂತು ಪೂಜೆ ನೋಡ್ತಿದ್ದರಂತೆ. ಕಾಣಿಕೆ ಚೀಲ ಹಿಡಿಯೋದು ಯಾರ ಮುಂದೆ? ವಾಚ್‌ಮನ್ ಸಂಬಳ, ಕೆಲಸ ಹೋದವರ ಮನೆಗೆ ರೇಷನ್ ಎರಡೂ ನಿಲ್ಲೋ ಹಂತಕ್ಕೆ ಬಂದಿತ್ತು.

“ಸ್ಟಿಕ್ಕರ್ ಸಾಕು, ಪೂಜೆ ಹೊತ್ತಲ್ಲಿ ಫೋನಿಗೆ ತೋರಿಸ್ತೀನಿ. ಈ ಡಬ್ಬಿ ಬೇಡ,” ಅಂದರು ಫಾದರ್. “ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗಬಾರದು. ಇದು ಬೀದಿಗೇ ಹೇಳುತ್ತೆ.”

“ಹೆಸರು ಹೇಳಲ್ಲ ಫಾದರ್, ಎಷ್ಟು ಅಂತ ಮಾತ್ರ. ನಮ್ಮಪ್ಪ ಊರ ಗುಡಿಗೆ ಟ್ಯೂಬ್‌ಲೈಟ್ ಕೊಟ್ಟು, ಬೆಳಕೇ ಬರದ ಹಾಗೆ ಅದರ ಮೇಲೆ ಹೆಸರು ಬರೆಸಿದ್ದಾರೆ.”

ಮಾಸ್ಕಿನೊಳಗೆ ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ತೋರಿಸೋಣ ಅಂತ ನನ್ನ ಫೋನಿಂದಲೇ ಒಂದು ರೂಪಾಯಿ ಹಾಕಿದೆ.

“ಒಂದು ರೂಪಾಯಿ ಬಂದಿದೆ!” ಡಬ್ಬಿಯ ದನಿ ಚಾವಣಿಗೆ ಬಡಿದು ವಾಪಸ್ ಬಂತು. ಗಾಬರಿಯಾಗಿ ಆಫ್ ಮಾಡೋಕೆ ಹೋದೆ.

“ಇರಲಿ ಬಿಡಿ,” ಅಂದರು ಫಾದರ್, ಮುಂದಿನ ಬೆಂಚಲ್ಲಿ ನಿಧಾನಕ್ಕೆ ಕೂರುತ್ತಾ. “ಇಲ್ಲಿ ನನ್ನದಲ್ಲದ ಒಂದು ದನಿ ಕೇಳಿ ಎಷ್ಟೋ ತಿಂಗಳಾಯ್ತು.”

ಡಬ್ಬಿ ಅಲ್ಲೇ ಉಳೀತು. ಟೆಸ್ಟಿಗೆ ಹಾಕಿದ ರೂಪಾಯಿಯನ್ನ ಕಂಪನಿಯಿಂದ ವಾಪಸ್ ಕೇಳಬಹುದಿತ್ತು. ಕೇಳಲಿಲ್ಲ. ಆ ಒಂದು ರೂಪಾಯಿಗೆ ಸಿಕ್ಕಷ್ಟು ಮರ್ಯಾದೆ ನಮ್ಮಪ್ಪನ ಟ್ಯೂಬ್‌ಲೈಟಿಗೂ ಸಿಕ್ಕಿರಲಿಲ್ಲ.