ಅಕ್ಕ ನನಗೆ ‘ಬರ್ರಿ’ ಎಂದಳು

ಮೊನ್ನೆ ಹಿತ್ತಲಲ್ಲಿ ತುಕ್ಕು ಹಿಡಿದ ತಗಡೊಂದು ಕಾಲಿಗೆ ಗೀರಿತು. ಗಾಯ ಸಣ್ಣದೇ. ಈ ವಯಸ್ಸಿನಲ್ಲಿ ಹುಂಬತನ ಬೇಡವೆಂದು ರೋಣದ ದವಾಖಾನೆಗೆ ಹೋಗಿ ಸೂಜಿಗೆ ತೋಳು ಕೊಟ್ಟು ಕುಳಿತೆ. ನರ್ಸ್ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ತೋಳು ಒರೆಸಿದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕಣ್ಣು ತುಂಬಿಬಿಟ್ಟವು.

“ಅಯ್ಯ, ನಾ ಇನ್ನಾ ಚುಚ್ಚೇ ಇಲ್ರಿ ಅಮ್ಮಾರ!” ಎಂದು ಆಕೆ ನಕ್ಕಳು.

ನಾನೂ ನಕ್ಕೆ. ಸರದಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ಆಕೆಗೇನು ಹೇಳಲಿ? ನಿಮಗೆ ಪುರುಸೊತ್ತಿದ್ದರೆ ನಿಮಗೆ ಹೇಳುತ್ತೇನೆ. ಅದು ನನ್ನ ಅಕ್ಕನ ವಾಸನೆ.

ಅಕ್ಕ ಈ ಸೀಮೆಯ ನರ್ಸಬಾಯಿ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿದ್ದು, ಸಾಲಿಗೆ ಹಾಕಿದ್ದು, ಓದಿಸಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿ ಮಾಡಿದ್ದು ಎಲ್ಲ ಆಕೆಯೇ. ಮದುವೆಯಾಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಅದಕ್ಕೆ ಕಾರಣ ನಾನೇ ಇರಬಹುದು ಎಂಬ ಅನುಮಾನ ಬಂದಿತ್ತು. ನನ್ನ ಹೆಸರು ಹಿಡಿದು ಆಕೆ ಎಂದೂ ಕರೆದವಳಲ್ಲ. ನಾನು ಆಕೆಗೆ ‘ಸಣ್ಣಾಕಿ’. ನನ್ನ ಮಗಳ ಮದುವೆಯ ಮಂಟಪದಲ್ಲೂ, ಬೀಗರೆಲ್ಲ ಕೇಳುವಂತೆ, “ಏ ಸಣ್ಣಾಕಿ, ಇಲ್ಲಿ ಬಾ” ಎಂದು ಕೂಗಿದ್ದಳು.

ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಸವಡಿ, ಜಕ್ಕಲಿ, ಲಕ್ಕಲಕಟ್ಟಿ ಎಂದು ತಿರುಗುವುದು ಆಕೆಯ ಕೆಲಸ. ಪೆಟ್ಟಿಗೆಯೊಳಗೆ ಮಂಜುಗಡ್ಡೆ. ಅದು ಕರಗುವುದರೊಳಗೆ ಊರು ಮುಗಿಸಬೇಕು. ಆಕೆ ಬಂದಳೆಂದರೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಣಜದ ಹಿಂದೆ ಅಡಗುತ್ತಿದ್ದ ಕಾಲವದು. ಅಕ್ಕ ಬೈಯುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ನೀರು ಕೇಳಿ ಕುಡಿದು, ನಿಧಾನಕ್ಕೆ ಶುರು ಮಾಡುತ್ತಿದ್ದಳು.

“ನೋಡ್ರವ್ವಾ, ಕೂಸಿನ ಮೈಯಾಗ ಕಾವಲಿನವ್ರು ಇರ್ತಾರ. ಅವ್ರಿಗೆ ಕಳ್ಳ ಯಾರು, ಬೀಗ ಯಾರು ಗೊತ್ತಿರಂಗಿಲ್ಲ. ನಾ ಈ ಸೂಜಿಲೆ ಅವ್ರಿಗೆ ಕಳ್ಳನ ಮಾರಿ ತೋರಿಸಿ ಬರ್ತೀನಿ, ಅಷ್ಟ.”

ರಜೆಯಲ್ಲಿ ಜೊತೆಗೆ ಹೋಗುತ್ತಿದ್ದ ನಾನು ಹೊಸದಾಗಿ ಡಿಗ್ರಿ ಮುಗಿಸಿದ ಗತ್ತಿನಲ್ಲಿ ತಿದ್ದುತ್ತಿದ್ದೆ. “ಅಕ್ಕಾ, ಅವು ಬಿಳಿ ರಕ್ತಕಣ. ಕಾವಲಿನವ್ರು ಅಂದ್ರ ಹ್ಯಾಂಗ?”

“ಹೌದವಾ. ನಿನ್ನ ರಕ್ತಕಣದ ಮಾತ ಕೇಳಿದ್ರ ಇವ್ರೆಲ್ಲ ಊರ ಬಿಟ್ಟ ಓಡಿ ಹೋಗ್ತಾರ.”

ಮುಂದೆ ತರಗತಿಯಲ್ಲಿ ನಾನೂ ಆ ಕಾವಲಿನವರನ್ನೇ ಕರೆಸಿಕೊಂಡೆ ಎಂಬುದನ್ನು ಆಕೆಗೆ ಹೇಳಲಿಲ್ಲ, ಬಿಡಿ. ಜೊತೆಗೆ ನನ್ನದೊಂದು ಮಾತನ್ನೂ ಸೇರಿಸುತ್ತಿದ್ದೆ: ಮಿದುಳಿಗೆ ಗಟ್ಟಿ ಕೋಟೆಯಿದೆ, ರಕ್ತದಲ್ಲಿ ಬಂದವರನ್ನೆಲ್ಲ ಒಳಗೆ ಬಿಡುವುದಿಲ್ಲ. ಕೋಟೆಯ ಒಳಗೆ ಯಾರಿದ್ದಾರೆ ಎಂದು ಯಾವ ವಿದ್ಯಾರ್ಥಿಯೂ ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಅಕ್ಕ ನನ್ನ ಮನೆಗೇ ಬಂದಳು. ಅಷ್ಟರಲ್ಲಿ ನನ್ನ ಮನೆಯವರು ತೀರಿಕೊಂಡಿದ್ದರು, ಮಗಳು ಗಂಡನ ಮನೆ ಸೇರಿದ್ದಳು. ಹತ್ತು-ಹನ್ನೆರಡು ವರ್ಷ ಇಬ್ಬರೂ ಸುಖವಾಗಿಯೇ ಜಗಳವಾಡಿಕೊಂಡಿದ್ದೆವು. ಆಮೇಲೆ ಸಾರಿಗೆ ಎರಡು ಸಲ ಉಪ್ಪು ಬೀಳತೊಡಗಿತು. ಹೇಳಿದ್ದನ್ನೇ ಹೇಳುವುದು, ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುವುದು. ವಯಸ್ಸಾಯಿತು ಎಂದುಕೊಂಡೆ. ವಿಜ್ಞಾನ ಕಲಿಸಿದವಳು ನಾನು, ನೋಡಿ. ಮನೆಯ ವಿಷಯಕ್ಕೆ ಬಂದರೆ ಎಲ್ಲರಂತೆಯೇ.

ಒಂದು ಮಧ್ಯಾಹ್ನ ನಾನು ಸಂತೆಯಿಂದ ಬರುವಷ್ಟರಲ್ಲಿ ಅಕ್ಕ ಮನೆಯಲ್ಲಿರಲಿಲ್ಲ. ಓಣಿಯೆಲ್ಲ ಹುಡುಕಿದೆ. ಅಷ್ಟರಲ್ಲಿ ಆಕೆಯನ್ನು ಬಲ್ಲ ಕಂಡಕ್ಟರನೊಬ್ಬನ ಫೋನ್ ಬಂತು. ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಇದ್ದಾಳಂತೆ. ಸಿಕ್ಕ ಬಸ್ಸು ಹತ್ತಿ ಹೋದೆ. ಬೆಂಚಿನ ಮೇಲೆ ಖಾಲಿ ಊಟದ ಡಬ್ಬಿಯನ್ನು ಎದೆಗವಚಿಕೊಂಡು ಕುಳಿತಿದ್ದಳು.

“ಲಗೂ ನಡಿ ಸಣ್ಣಾಕಿ, ಜಕ್ಕಲಿ ಕೂಸುಗಳು ಕಾಯಕತ್ತಾವು. ಬರ್ಫ ಕರಗಾಕತ್ತೈತಿ.”

ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರು ಸ್ಕ್ಯಾನ್ ನೋಡಿ ಅಲ್ಜೈಮರ್ ಎಂದರು. ನಾನು ಶಿಕ್ಷಕಿ ಎಂದು ತಿಳಿದು ಬಿಡಿಸಿ ಹೇಳಿದರು.

“ಮಿದುಳಿನಾಗ ಅದರದ ರಕ್ಷಣಾ ಕೋಶ ಇರ್ತಾವ್ರಿ ಟೀಚರ, ಮೈಕ್ರೋಗ್ಲಿಯಾ ಅಂತ. ಕಸಾ ತೆಗೀತಾವು, ಸತ್ತ ಕೋಶ ತಿಂದು ಹಸನ ಮಾಡ್ತಾವು. ವಯಸ್ಸಾದಂಗ ಅವೂ ದಣೀತಾವು. ಈ ರೋಗದಾಗ ಕಸಾ ಗಂಟು ಕಟ್ಟತೈತಿ. ಇವು ಅದನ್ನ ಸುತ್ತುವರದು ಸಿಟ್ಟಿಗೇಳ್ತಾವು. ಆ ಸಿಟ್ಟ ಮತ್ತ ಇಳಿಯೂದಿಲ್ಲ. ಕಡೀಕ ನರಕ್ಕೂ ನರಕ್ಕೂ ನಡುವ ಇರೂ ಚಲೋ ಕೊಂಡಿನೂ ತಿನ್ನಾಕ ಹತ್ತತಾವು. ಇದೊಂದ ಕಾರಣ ಅಲ್ರಿ. ಪೂರ್ತಿ ಇನ್ನಾ ಯಾರಿಗೂ ಗೊತ್ತಿಲ್ಲ.”

“ಅವನ್ನ ಸಮಾಧಾನ ಮಾಡೂ ಔಷಧ?”

“ಹುಡುಕಾಕತ್ತಾರ್ರಿ,” ಎಂದು ಅವರು ಸ್ಕ್ಯಾನನ್ನು ಲಕೋಟೆಗೆ ತುಂಬಿದರು.

ತಿರುಗಿ ಬರುವಾಗ ಬಸ್ಸಿನ ಕಿಟಕಿಯಲ್ಲಿ ನರಗುಂದದ ಗುಡ್ಡ ಕಂಡಾಗ ಅಕ್ಕ ಕೇಳಿದಳು, “ಏನಂದ್ರು ಡಾಕ್ಟರು? ಖರೇ ಹೇಳು.” ಆ ದಿನ ಆಕೆ ಪೂರ್ತಿ ಎಚ್ಚರದಲ್ಲಿದ್ದಳು. ಆಕೆಯ ಮಾತಿನಲ್ಲೇ ಹೇಳಿದೆ. ತಲೆಯೊಳಗೂ ಕಾವಲಿನವರಿದ್ದಾರೆ, ಅವರು ಈಗ ಮನೆಯವರನ್ನೇ ಹೊಡೆಯುತ್ತಿದ್ದಾರೆ ಎಂದೆ.

“ಅವ್ರಿಗೆ ಕಳ್ಳನ ಮಾರಿ ಯಾರೂ ತೋರಿಸಿಲ್ಲೇನು? ಅದಕ್ಕೊಂದು ಸೂಜಿ ಇಲ್ಲೇನು?”

“ಇನ್ನಾ ಇಲ್ಲಕ್ಕಾ.”

“ಹಂಗಾರ ಎಲ್ಲಾರ್ನೂ ಮರೀತೀನಿ ನಾ.” ನನ್ನ ಕೈ ಹಿಡಿದುಕೊಂಡಳು. “ನಿನ್ನ ಎಲ್ಲಾರಕಿಂತ ಕಡೀಕ ಮರೀತೀನಿ. ಹೆದರಬ್ಯಾಡ.”

ಮುಂದಿನದನ್ನು ಹೇಳಲು ನನಗೆ ನಾಚಿಕೆ. ಆದರೂ ಹೇಳಬೇಕು. ರೋಗಿಯನ್ನು ನೋಡಿಕೊಳ್ಳುವವರು ದೇವರಂಥವರು ಎಂದು ಜನ ಹೇಳುತ್ತಾರಲ್ಲ, ಅದನ್ನು ನಂಬಬೇಡಿ. ಒಂದು ಸಂಜೆ ಅಕ್ಕ, ನಾನು ಬೀಸಿಸಿ ತಂದಿದ್ದ ಜೋಳದ ಹಿಟ್ಟನ್ನೆಲ್ಲ ಬಚ್ಚಲಿಗೆ ಸುರಿದು ನೀರು ಬಿಟ್ಟಿದ್ದಳು. ಅದೇ ದಿನ ಮೂರು ಸಲ ಆಕೆಯ ಸೀರೆ ಬದಲಿಸಿ ತೊಳೆದಿದ್ದೆ. ಯಾಕೆ ಹೀಗೆ ಮಾಡಿದೆ ಎಂದು ಕೂಗಿದೆ, ಆಕೆ ಮತ್ತೆ ನಲ್ಲಿಗೆ ಕೈ ಹಾಕಿದಳು. ನಾನು ಹೊಡೆದೆ. ಕೈಯ ಮೇಲೆ, ಜೋರಾಗಿ.

ಅಕ್ಕ ಗೋಡೆಗೆ ಸರಿದು, ಯಾರೋ ಮನೆಯೊಡತಿಗೆಂಬಂತೆ ನನಗೆ ಕೈ ಮುಗಿದಳು. “ತಪ್ಪಾತ್ರಿ ಬಾಯಾರ. ನಮ್ಮ ಸಣ್ಣಾಕಿ ಸಾಲಿಯಿಂದ ಬಂದ್ಲಂದ್ರ ಇಲ್ಲಿಂದ ಹೋಗಿಬಿಡ್ತೀನ್ರಿ.”

ಆಗ ನನಗೆ ಏನು ಹೊಳೆಯಿತೋ. ಹಿತ್ತಲ ಬಾಗಿಲಿನಿಂದ ಹೊರಗೆ ಹೋದೆ. ಓಣಿ ಸುತ್ತಿ, ಹಳೆಯ ಸಾಲಿಚೀಲವನ್ನು ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿನಿಂದ ಒಳಗೆ ಬಂದೆ. ಅಕ್ಕನ ಮುಖ ಅರಳಿತು.

“ಬಂದ್ಯಾ ಸಣ್ಣಾಕಿ? ಎಷ್ಟೊತ್ತು ಮಾಡಿದಿ!” ಎಂದವಳು ದನಿ ತಗ್ಗಿಸಿದಳು. “ಒಳಗ ಯಾರೋ ಬಾಯಾರ ಅದಾರ. ಭಾಳ ಸಿಟ್ಟಿನವ್ರು. ನನ್ನ ಹೊಡದ್ರು. ನಡೀ, ನಮ್ಮ ಮನಿಗೆ ಹೋಗೂಣು.”

ಕೆಂಪಾದ ಆ ಕೈಯನ್ನು ಹಿಡಿದು ನಾನು ಅತ್ತೆ. ಯಾಕೆ ಅಳುತ್ತೀ, ಸಾಲಿಯಲ್ಲಿ ಯಾರಾದರೂ ಬೈದರೇ ಎಂದು ಆಕೆಯೇ ಸಮಾಧಾನ ಮಾಡಿದಳು.

ಅಂದಿನಿಂದ ದಿನಾ ಸಂಜೆ ಐದಕ್ಕೆ ಅದೇ ಕೆಲಸವಾಯಿತು. ಹಿತ್ತಲಿಂದ ಹೋಗುವುದು, ಮುಂಬಾಗಿಲಿನಿಂದ ಬರುವುದು. ಅರವತ್ತು ದಾಟಿದ ಮುದುಕಿ ಚೀಲ ಹಾಕಿಕೊಂಡು ಓಣಿ ಸುತ್ತುವುದನ್ನು ನೋಡಿ ನೆರೆಯವರು ಏನೆಂದುಕೊಂಡರೋ. ಇಡೀ ದಿನ ನಾನು ಆಕೆಗೆ ಯಾರೋ ಬಾಯಾರು. ಐದು ಗಂಟೆಗೆ ಮಾತ್ರ ತಂಗಿ. ಆ ಒಂದು ಗಳಿಗೆಗಾಗಿ ಬೆಳಗಿನಿಂದ ಕಾಯುತ್ತಿದ್ದೆ. ಏಳೆಂಟು ತಿಂಗಳು ಹಾಗೆ ನಡೆಯಿತು.

ಆಮೇಲೊಂದು ಸಂಜೆ ಚೀಲದೊಂದಿಗೆ ಹೊಸ್ತಿಲು ದಾಟಿದಾಗ ಅಕ್ಕ ಮರ್ಯಾದೆಯಿಂದ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

“ಬರ್ರಿ, ಕುಂದರ್ರಿ. ನಮ್ಮ ಸಣ್ಣಾಕಿ ಇನ್ನಾ ಬಂದಿಲ್ರಿ.”

ಮತ್ತೊಮ್ಮೆ ಹೊರಗೆ ಹೋಗಿ ಬಂದೆ. ಮತ್ತೆ “ಬರ್ರಿ” ಎಂದಳು. ಚೀಲ ಕೆಳಗಿಟ್ಟು ಪಕ್ಕದಲ್ಲಿ ಕುಳಿತೆ. ಕತ್ತಲಾಗುವವರೆಗೆ ಇಬ್ಬರೂ ಬಾಗಿಲು ನೋಡುತ್ತಾ ನನ್ನನ್ನು ಕಾದೆವು.

‘ಸಣ್ಣಾಕಿ’ ಎಂಬ ಹೆಸರು ಆಕೆಗೆ ಕೊನೆಯವರೆಗೂ ನೆನಪಿತ್ತು, ನನ್ನ ಮುಖ ಇರಲಿಲ್ಲ. ಬಸ್ಸಿನಲ್ಲಿ ಕೊಟ್ಟ ಮಾತನ್ನು ಆಕೆ ಉಳಿಸಿಕೊಂಡಳೋ ಇಲ್ಲವೋ, ನಾನು ಇಂದಿಗೂ ತೀರ್ಮಾನಿಸಲಾರೆ. ಮರುವರ್ಷ ನುಂಗುವುದನ್ನೂ ಮರೆತಳು. ಹೋದಳು. ಮಣ್ಣಿಗೆ ಹಳ್ಳಿಗಳಿಂದ ಜನ ಬಂದಿದ್ದರು. ನಮ್ಮ ಮಕ್ಕಳಿಗೆಲ್ಲ ಅವರೇ ಸೂಜಿ ಮಾಡಿದ್ದು ಎಂದು ಅತ್ತರು. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟು ಮನೆಗಳ ಕಾವಲು ಗಟ್ಟಿ ಮಾಡಿದವಳಿಗೆ ಕೊಡಲು ನಮ್ಮ ಬಳಿ ಏನೂ ಇರಲಿಲ್ಲ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಸೂಜಿ ಆದ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋಗಿರಿ ಎಂದು ಮೊನ್ನೆ ಆ ನರ್ಸ್ ಹುಡುಗಿ ಹೇಳಿದ್ದಳು. ಹೊರಗಿನ ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ಒಬ್ಬ ಮುದುಕಿ, ಆಕೆಯಾಚೆ ಆಕೆಯ ಮಗಳು.

“ನಮ್ಮ ಚೀಟಿ ಕೂಗಿದ್ರೇನು?” ಎಂದಳು ಮುದುಕಿ. ಇಲ್ಲವೆಂದಳು ಮಗಳು. ಗಳಿಗೆ ಕಳೆಯಲಿಲ್ಲ, ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲಕ್ಕೆ ಮಗಳು ರೇಗಿದಳು. “ಎಷ್ಟ ಸಲ ಹೇಳ್ಲಿ ಯವ್ವಾ? ತಲಿ ತಿನ್ನಬ್ಯಾಡ!” ಮುದುಕಿ ಬೆದರಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ನಮ್ಮ ಚೀಟಿ ಕೂಗಿದ್ರೇನ್ರಿ?”

“ಇನ್ನಾ ಇಲ್ರಿ ಅವ್ವಾರ. ಕೂಗಿದ ಕೂಡ್ಲೆ ನಾ ಹೇಳ್ತೀನಿ.”

ಎಷ್ಟು ಸಲ ಕೇಳಿದಳೋ, ಅಷ್ಟೂ ಸಲ ಮೊದಲನೆಯ ಸಲವೆಂಬಂತೆ ಹೇಳಿದೆ. ಮಗಳು ನಾಚಿಕೊಂಡಳು. “ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಮ್ಮಾರ. ಹೋದ ತಿಂಗಳಿಂದ ಮರವಿಗೆ ಗುಳಿಗಿ ಶುರು ಆಗ್ಯಾವು. ಇನ್ನ ಆರಾಮಾಗ್ತಾಳಲ್ರಿ?”

ಆಕೆಯ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿದ್ದವು. ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು.

“ಹೌದವಾ, ಆಗ್ತಾರ” ಎಂದೆ.