ಬುಧವಾರದ ಕಾಫಿ

ಆ ಬೆಳಿಗ್ಗೆ ಹಾಲು ಸೀದಿತ್ತು.

ತಪ್ಪು ನನ್ನದೇ. ಒಲೆಯ ಮೇಲೆ ಹಾಲಿಟ್ಟು ಬಚ್ಚಲಮನೆಯ ಕಡೆ ಕಿವಿಕೊಟ್ಟು ನಿಂತಿದ್ದೆ. ಒಳಗೆ ಇವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ. ಮೂರನೆಯ ಸಲ ಕೇಳಿಸುವಷ್ಟರಲ್ಲಿ ಪಾತ್ರೆ ತಳ ಹಿಡಿದು ಅಡುಗೆಮನೆಯೆಲ್ಲ ಸೀದ ವಾಸನೆ. ಕಿಟಕಿ ತೆರೆದೆ. ಡಿಸೆಂಬರಿನ ಚಳಿ ಒಳಗೆ ಬಂತು, ವಾಸನೆ ಹೊರಗೆ ಹೋಗಲಿಲ್ಲ.

ಕೈ ತನ್ನ ಪಾಡಿಗೆ ಡಿಕಾಕ್ಷನ್ನಿಗೆ ಅದೇ ಹಾಲನ್ನು ಬೆರೆಸಿಬಿಟ್ಟಿತ್ತು. ಚೆಲ್ಲಿ ಬೇರೆ ಮಾಡೋಣ ಎಂದುಕೊಳ್ಳುವಾಗಲೇ ಇವರು ಅವಸರದಲ್ಲಿ ಬಂದು ಲೋಟ ಎತ್ತಿಕೊಂಡರು.

ನಮ್ಮ ಮನೆಯಲ್ಲಿ ಕಾಫಿ ಸಣ್ಣ ವಿಷಯವಲ್ಲ. ನನ್ನ ಗಂಡ ಮೈಸೂರಿನವರು, ಜರ್ಮನಿಯ ಬಾನ್‌ನಲ್ಲಿ ಇಪ್ಪತ್ತಮೂರು ವರ್ಷದಿಂದ ಸ್ವಂತ ಕ್ಲಿನಿಕ್ ಇಟ್ಟುಕೊಂಡಿರುವ ಫ್ಯಾಮಿಲಿ ಡಾಕ್ಟರ್. ರೋಗಿಗಳ ಜೊತೆ ಎಷ್ಟು ತಾಳ್ಮೆಯೋ ಕಾಫಿಯ ಜೊತೆ ಅಷ್ಟೇ ನಿಷ್ಠುರ. ಹಾಲು ಚೂರು ಸೀದಿದ್ದರೂ ಲೋಟವನ್ನು ಒಂದು ಬೆರಳಿನಿಂದ ಮುಂದಕ್ಕೆ ತಳ್ಳುತ್ತಾರೆ. ಮಾತಿಲ್ಲ. ಕಾಫಿ ಚೆನ್ನಾಗಿದ್ದರೂ ಮಾತಿಲ್ಲ.

ಆ ದಿನ ಪೂರ್ತಿ ಕುಡಿದರು.

"ಚೆನ್ನಾಗಿದೆ ಕಣೇ," ಅಂದರು.

ಕೈಯಲ್ಲಿದ್ದ ಒರೆಸುವ ಬಟ್ಟೆ ಹಾಗೇ ನಿಂತಿತು. ಈ ಕೊರೋನಾ ಕಾಯಿಲೆಯಲ್ಲಿ ಮೂಗಿಗೆ ವಾಸನೆ ತಿಳಿಯುವುದಿಲ್ಲ ಎಂದು ಆ ಹೊತ್ತಿಗೆ ಟಿವಿ ನೋಡುವ ಮಕ್ಕಳಿಗೂ ಗೊತ್ತಿತ್ತು. ನಾನಂತೂ ಡಾಕ್ಟರ ಹೆಂಡತಿ.

"ರೀ, ಗಂಟಲು ಯಾಕೋ..."

"ಹೀಟರ್ ಗಾಳಿಗೆ ಒಣಗಿದೆ ಅಷ್ಟೆ. ಟೆಸ್ಟ್ ಮಾಡ್ಕೊಂಡೆ, ಇಲ್ನೋಡು. ಒಂದೇ ಗೆರೆ."

ಬಿಳಿ ಪ್ಲಾಸ್ಟಿಕ್ಕಿನ ತುಂಡಿನಲ್ಲಿ ಒಂದೇ ಗೆರೆ ಇತ್ತು. ನೆಗೆಟಿವ್.

"ಹೂಂ," ಅಂದೆ.

ಅಷ್ಟೇ ಅಂದದ್ದು.

ಇಲ್ಲಿ ಬುಧವಾರ ಮಧ್ಯಾಹ್ನ ಕ್ಲಿನಿಕ್ಕುಗಳು ಮುಚ್ಚಿರುತ್ತವೆ. ಇವರು ಆ ಹೊತ್ತಿನಲ್ಲಿ ಹತ್ತಿರದ ಹೈಮ್‌ಗೆ, ಅಂದರೆ ವೃದ್ಧರ ವಸತಿಗೆ, ಹೋಗಿ ಅಲ್ಲಿಯವರನ್ನು ನೋಡಿ ಬರುತ್ತಾರೆ. ಆ ಚಳಿಗಾಲದಲ್ಲಿ ಲಸಿಕೆ ಇನ್ನೂ ಬಂದಿರಲಿಲ್ಲ. ಅಲ್ಲಿಗೆ ಬರುತ್ತಿದ್ದ ಇನ್ನೊಬ್ಬ ಡಾಕ್ಟರು ಕ್ವಾರಂಟೈನಿನಲ್ಲಿದ್ದರು. ನಾನು ಹೋಗದಿದ್ದರೆ ಯಾರು ಹೋಗುತ್ತಾರೆ ಎನ್ನುವುದು ಇವರ ಬಾಯಲ್ಲಿ ದಿನಕ್ಕೊಂದು ಸಲ ಬರುತ್ತಿದ್ದ ಮಾತು. ಅದು ಸುಳ್ಳೂ ಆಗಿರಲಿಲ್ಲ.

ಆ ಹೈಮ್‌ನಲ್ಲಿ ಫ್ರೌ ಲಿಂಡ್ನರ್ ಎಂಬ ಅಜ್ಜಿ ಇದ್ದರು. ಪ್ರಾಯದಲ್ಲಿ ಬಟ್ಟೆ ಹೊಲಿಯುತ್ತಿದ್ದವರು. ಕಿವಿ ಪೂರ್ತಿ ಹೋಗಿತ್ತು, ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಹಿಂದಿನ ವರ್ಷ ಇವರ ಕಪ್ಪು ಕೋಟಿನ ಗುಂಡಿ ಬಿದ್ದುಹೋದದ್ದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ, ಆಕೆಯ ಕಣ್ಣಿಗೆ ಬಿತ್ತು. ಡಾಕ್ಟರನ್ನು ನಿಲ್ಲಿಸಿ, ಕೋಟು ಬಿಚ್ಚಿಸಿ, ಕಪ್ಪು ದಾರವಿಲ್ಲವೆಂದು ನೀಲಿ ದಾರದಲ್ಲೇ ಹೊಲಿದು ಕಳಿಸಿದ್ದರು. ನನಗೆ ಸ್ವಲ್ಪ ನಾಚಿಕೆಯಾಗಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ.

ಎಲ್ಲರೂ ಮಾಸ್ಕ್ ಹಾಕಿಕೊಂಡ ಮೇಲೆ ಆಕೆಯ ಪಾಲಿಗೆ ಇಡೀ ಲೋಕದ ಬಾಯಿ ಮುಚ್ಚಿಹೋಗಿತ್ತು.

ಆ ಬುಧವಾರ ಸಂಜೆ ಊಟಕ್ಕೆ ಕೂತಾಗ ಇವರೇ ಹೇಳಿದರು. "ಫ್ರೌ ಲಿಂಡ್ನರ್ ಇವತ್ತು ಅತ್ತೇಬಿಟ್ರು. ಯಾರೂ ನನ್ ಹತ್ರ ಮಾತಾಡಲ್ಲ ಅಂತ. ಕಿಟಕಿ ತೆಗೆದು, ದೂರ ನಿಂತು, ಮಾಸ್ಕ್ ಕೆಳಗೆಳೆದು ಮಾತಾಡಿಸ್ದೆ. ಎರಡು ನಿಮಿಷ ಅಷ್ಟೆ. ಎಷ್ಟು ಖುಷಿಯಾಯ್ತು ಗೊತ್ತಾ ಅವರಿಗೆ!"

ನಾನು ಸಾರು ಬಡಿಸುತ್ತಿದ್ದೆ. "ಒಳ್ಳೇ ಕೆಲ್ಸ ಮಾಡಿದ್ರಿ," ಅಂದೆ.

ಸಾರಿಗೆ ಇಂಗು ಜಾಸ್ತಿಯಾಗಿತ್ತು. ಅದಕ್ಕೂ ಇವರು ಏನೂ ಅನ್ನಲಿಲ್ಲ.

ಶನಿವಾರ ಜ್ವರ ಏರಿತು. ಭಾನುವಾರ ಪಿಸಿಆರ್ ರಿಪೋರ್ಟ್ ಪಾಸಿಟಿವ್ ಬಂತು. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿಗೆ ನಾಲ್ಕು ಹೆಜ್ಜೆ ನಡೆದವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಎಂಬತ್ತಾರು ತೋರಿಸಿತು. ಆಂಬುಲೆನ್ಸಿನವರಿಗೆ ತಮ್ಮ ವಿವರವನ್ನೆಲ್ಲ ತಾವೇ ಹೇಳಿದರು, ಯಾರೋ ಬೇರೆ ರೋಗಿಯ ವಿಷಯ ಹೇಳುವಂತೆ. ಕಂಬಳಿ ಸುತ್ತಿ ಕರೆದುಕೊಂಡು ಹೋದರು. ಕೋಟು ಬಾಗಿಲ ಪಕ್ಕದ ಗೂಟದಲ್ಲೇ ಉಳಿಯಿತು.

ಮಧ್ಯಾಹ್ನ ಫೋನ್ ಬಂತು. ಗೆಜುಂಟ್‌ಹೈಟ್ಸ್‌ಆಮ್ಟ್‌ನಿಂದ. ಊರಿನ ಆರೋಗ್ಯ ಇಲಾಖೆ, ಚಿಕ್ಕದಾಗಿ ಆಮ್ಟ್. ಚಿಕ್ಕ ಪ್ರಾಯದ ಹೆಣ್ಣುದನಿ. ಬೆಳಗಿನಿಂದ ಮಾತಾಡಿ ಮಾತಾಡಿ ಗಂಟಲು ಒಡೆದಿತ್ತು ಪಾಪ. ಹೆಸರು, ಹುಟ್ಟಿದ ತಾರೀಖು, ಮನೆಯಲ್ಲಿ ಎಷ್ಟು ಜನ. ಆಮೇಲೆ ಕೇಳಿದಳು.

"ನಿಮ್ಮ ಯಜಮಾನರಿಗೆ ಮೊದಲ ಲಕ್ಷಣ ಯಾವತ್ತು ಕಾಣಿಸಿಕೊಂಡಿತು?"

ನಾನು ಕೋಟಿನ ಕಡೆ ನೋಡುತ್ತಿದ್ದೆ. ಬುಧವಾರ ಅಂದರೆ ಏನಾಗುತ್ತದೆ ಎಂದು ಒಂದೇ ಉಸಿರಿಗೆ ಕಂಡಿತು. ಗಂಟಲು ಕೆಟ್ಟ ಡಾಕ್ಟರ್, ವಾಸನೆ ತಿಳಿಯದ ಡಾಕ್ಟರ್, ಅಂದೇ ಮಧ್ಯಾಹ್ನ ಮುದುಕರ ನಡುವೆ. ಕ್ಲಿನಿಕ್ಕಿನ ಬಾಗಿಲಲ್ಲಿ ನಮ್ಮ ಉದ್ದದ ಹೆಸರಿನ ಫಲಕ. ಅಲ್ಲಿ ಆಸ್ಪತ್ರೆಯಲ್ಲಿ ಇವರು ಬದುಕುತ್ತಾರೋ ಇಲ್ಲವೋ ಗೊತ್ತಿಲ್ಲ, ಹೆಸರಾದರೂ ಉಳಿಯಲಿ.

"ಶನಿವಾರ," ಅಂದೆ.

ಕೀಬೋರ್ಡಿನ ಸದ್ದು ಕೇಳಿಸಿತು. "ಸರಿ. ಎರಡು ದಿನ ಹಿಂದಕ್ಕೆ ಲೆಕ್ಕ ಹಿಡೀತೀವಿ. ಗುರುವಾರದಿಂದ ಈಚೆಗೆ ಅವರು ಯಾರ್ಯಾರನ್ನ ಭೇಟಿಯಾಗಿದ್ರು?"

ಗುರುವಾರದಿಂದ ಈಚೆಗೆ. ಬುಧವಾರ ಲೆಕ್ಕದಿಂದ ಹೊರಗೆ ಹೋಯಿತು. ಅದು ಹೋದದ್ದು ನನಗೆ ಚೆನ್ನಾಗಿ ಗೊತ್ತಾಯಿತು. ಗೊತ್ತಾಗಿಯೇ ಕ್ಲಿನಿಕ್ಕಿನವರ ಹೆಸರು ಒಂದೊಂದಾಗಿ ಹೇಳಿದೆ, ಸ್ಪೆಲ್ಲಿಂಗ್ ಸಮೇತ.

ನಾನು ಓದಿದ್ದು ಕಾನ್ವೆಂಟಿನಲ್ಲಿ. ಮಾರಲ್ ಸೈನ್ಸ್ ಕ್ಲಾಸಿನ ಕೊನೆಗೆ ಸಿಸ್ಟರ್ ನಮ್ಮೆಲ್ಲರನ್ನೂ ಕಣ್ಣು ಮುಚ್ಚಿ ಕೂರಿಸುತ್ತಿದ್ದರು. ಇವತ್ತು ಹೇಳಬೇಕಾಗಿದ್ದ ಏನನ್ನು ಹೇಳದೆ ಬಿಟ್ಟೆ, ನೆನಪು ಮಾಡಿಕೋ. ಆಗ ನನಗೆ ಹೊಳೆಯುತ್ತಿದ್ದುದು ಟಿಫಿನ್ ಡಬ್ಬಿಯ ಜಗಳ, ಕಳೆದುಹೋದ ಕರ್ಚೀಫು, ಇಂಥವೇ. ಐವತ್ತು ದಾಟಿದ ಮೇಲೆ, ಸಾವಿರಾರು ಮೈಲಿ ದೂರದ ಅಡುಗೆಮನೆಯಲ್ಲಿ ಅದೇ ಪ್ರಶ್ನೆ ಎದುರು ಬಂದು ಕೂತಿತು. ಈ ಸಲ ಉತ್ತರ ಹುಡುಕಬೇಕಾಗಿರಲಿಲ್ಲ.

ನನಗೂ ಪಾಸಿಟಿವ್ ಬಂದಿತ್ತು. ಮೈಕೈ ನೋವು, ಎರಡು ದಿನದ ಜ್ವರ, ಅಷ್ಟೇ. ಮನೆಯಿಂದ ಹೊರಡುವಂತಿರಲಿಲ್ಲ. ಕಲೋನ್‌ನಲ್ಲಿ ಓದುವ ಮಗಳು ಅನಘಾ ದಿನ ಬಿಟ್ಟು ದಿನ ರೈಲು ಹಿಡಿದು ಬಂದು ಬಾಗಿಲ ಮುಂದೆ ಸಾಮಾನಿನ ಚೀಲ ಇಟ್ಟು, ಮೆಟ್ಟಿಲಿಳಿದು ರಸ್ತೆಯಲ್ಲಿ ನಿಲ್ಲುತ್ತಿದ್ದಳು. ನಾನು ಬಾಲ್ಕನಿಯಲ್ಲಿ.

"ಅಮ್ಮಾ, ಆಲೆಸ್ ಗೂಟ್?"

"ಎಲ್ಲ ಸರಿಯಿದೆ ಪುಟ್ಟಾ. ತಿಂದ್ಯಾ?"

"ನೀನ್ ತಿಂದ್ಯಾ? ಫಸ್ಟ್ ನೀನು ಹೇಳು."

ಇಬ್ಬರೂ ಸುಳ್ಳು ಹೇಳುತ್ತಿದ್ದೆವು.

ಐಸಿಯುನಿಂದ ದಿನಾ ಹನ್ನೆರಡಕ್ಕೆ ಡಾಕ್ಟರ್ ಒಬ್ಬರು ಫೋನ್ ಮಾಡುತ್ತಿದ್ದರು. ಮಂಗಳವಾರ, "ಹೈ ಫ್ಲೋ ಆಕ್ಸಿಜನ್ ಹಾಕಿದೀವಿ, ಬೋರಲು ಮಲಗಿಸಿದೀವಿ." ಬುಧವಾರವೂ ಅದೇ ಮಾತು. ಫೋನಿಟ್ಟು ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ದಿನದ ಚೌಕದಲ್ಲಿ ಇವರ ಕೈಬರಹ, ಪ್ರತಿ ಬುಧವಾರದ ಹಾಗೆ: ಹೈಮ್, ಮೂರು ಗಂಟೆ. ಫ್ರೌ ಲಿಂಡ್ನರ್ ಬಾಗಿಲ ಕಡೆ ಮುಖ ಮಾಡಿ ಕಾಯುತ್ತಾ ಕೂತಿರುತ್ತಾರೆ ಎನ್ನಿಸಿತು. ಇವರು ಬರುವುದಿಲ್ಲ ಎಂದು ಯಾರಾದರೂ ಹೇಳಿದರೂ ಆಕೆಗೆ ಕಾಣಿಸುವುದು ಮಾಸ್ಕ್ ಮಾತ್ರ.

ಹೈಮ್‌ಗೆ ಫೋನ್ ಮಾಡಿದೆ. ನರ್ಸ್ ಒಬ್ಬಾಕೆ ಎತ್ತಿದಳು. ಹೇಳಿದೆ. ಹೋದ ಬುಧವಾರವೇ ಇವರಿಗೆ ಲಕ್ಷಣವಿತ್ತು, ಫ್ರೌ ಲಿಂಡ್ನರ್ ಎದುರು ಮಾಸ್ಕ್ ತೆಗೆದಿದ್ದರು, ದಯವಿಟ್ಟು ಅವರಿಗೆ ಟೆಸ್ಟ್ ಮಾಡಿಸಿ.

"ಈಗ ಹೇಳ್ತಿದ್ದೀರಾ?"

ಅಂದು ಬೆಳಿಗ್ಗೆಯಷ್ಟೇ ಫ್ರೌ ಲಿಂಡ್ನರ್‌ಗೆ ಜ್ವರ ಬಂದಿತ್ತು. ಹಿಂದಿನ ಎರಡು ದಿನ ಆಕೆ ಎಲ್ಲರಂತೆ ಊಟದ ಮೇಜಿನಲ್ಲಿ ಕೂತಿದ್ದರು. ಆ ಮೇಜಿನ ಇನ್ನಿಬ್ಬರು ಆಮೇಲೆ ಕಾಯಿಲೆ ಬಿದ್ದು, ಹೇಗೋ ಎದ್ದರು. ಆಮ್ಟ್‌ಗೂ ಫೋನ್ ಮಾಡಿ ತಿದ್ದಿಸಿದೆ. ಅದೇ ಒಡೆದ ದನಿಯ ಹುಡುಗಿ ಬರೆದುಕೊಂಡು ಥ್ಯಾಂಕ್ಸ್ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಮಂಗಳವಾರ ಫ್ರೌ ಲಿಂಡ್ನರ್ ತೀರಿಕೊಂಡರು.

ಅದೇ ವಾರದ ಕೊನೆಗೆ ಇವರನ್ನು ಐಸಿಯುನಿಂದ ವಾರ್ಡಿಗೆ ತಂದರು. ಫೋನಿನಲ್ಲಿ ಮುಖ ತೋರಿಸಿದಾಗ ಮೂಗಿನ ಎರಡೂ ಕಡೆ ನಳಿಗೆಯ ಗಾಯ. ಅನಘಾ "ಅಪ್ಪಾ, ಗಡ್ಡ ಬಿಟ್ಟು ಪೂರ್ತಿ ವಾಲ್‌ರಸ್ ಆಗಿದೀಯ" ಎಂದು ನಗಿಸಿದಳು. ಇವರು ನಕ್ಕು, ಕೆಮ್ಮಿ, ಹೈಮ್‌ನಲ್ಲಿ ಎಲ್ಲ ಹೇಗಿದ್ದಾರೆ ಅಂದರು. ವಿಚಾರಿಸ್ತೀನಿ ಅಂದೆ. ಮತ್ತೊಂದು ಸುಳ್ಳು.

ಮನೆಗೆ ಬಂದ ನಾಲ್ಕನೆಯ ದಿನ ಹೇಳಿದೆ. ಅಡುಗೆಮನೆಯ ಮೇಜಿನಲ್ಲಿ ಕೂತಿದ್ದರು, ಸ್ವೆಟರಿನೊಳಗೆ ಭುಜದ ಮೂಳೆ ಕಾಣುತ್ತಿತ್ತು. ಫ್ರೌ ಲಿಂಡ್ನರ್ ಇಲ್ಲ ಎಂದು ಹೇಳಿದೆ. ಶನಿವಾರ ಅಂದದ್ದನ್ನೂ ಹೇಳಿದೆ. ಆ ಬುಧವಾರ ನೀವು ಕುಡಿದ ಕಾಫಿ ಸೀದಿತ್ತು, ನೀವು ಚೆನ್ನಾಗಿದೆ ಅಂದಾಗಲೇ ನನಗೆ ಗೊತ್ತಾಯಿತು, ಹೋಗಬೇಡಿ ಅನ್ನಲಿಲ್ಲ, ಅದನ್ನೂ ಹೇಳಿದೆ.

ಬಹಳ ಹೊತ್ತು ಮೇಜಿನ ಮೇಲಿನ ಗೀರೊಂದನ್ನು ಉಗುರಿನಿಂದ ಉಜ್ಜುತ್ತಿದ್ದರು.

"ನಂಗೂ ಗೊತ್ತಾಗಿತ್ತು ಕಣೇ."

"ಏನು?"

"ಬಿಸಿನೀರು ಕುಡಿದ ಹಾಗಿತ್ತು. ನಿನ್ ಮುಖ ನೋಡ್ದೆ. ಏನೋ ಹೇಳ್ತೀಯ ಅನ್ನಿಸ್ತು. ಅದಕ್ಕೇ ಚೆನ್ನಾಗಿದೆ ಅಂದೆ."

ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕಾಫಿಯನ್ನು ಹೊಗಳಿದ ಒಂದೇ ಸಲ ಅದು.

"ಜೇಬಲ್ಲಿ ಪೆನ್ನಿತ್ತು," ಅಂದರು ಆಮೇಲೆ. "ಮಾಸ್ಕ್ ತೆಗೆಯೋ ಬದಲು ದೊಡ್ಡಕ್ಷರದಲ್ಲಿ ಬರೆದು ತೋರಿಸಬಹುದಾಗಿತ್ತು. ಪೆನ್ನಿತ್ತು ಜೇಬಲ್ಲಿ."

ಅಂದೇ ಕೂತು ಹೈಮ್‌ಗೂ ಆಮ್ಟ್‌ಗೂ ಇದ್ದದ್ದು ಇದ್ದ ಹಾಗೆ ಬರೆದರು. ಒಂದು ಪುಟ ಬರೆಯಲು ಮೂರು ಸಲ ಮಲಗಿ ಏಳಬೇಕಾಯಿತು. ಆ ಕಡೆಯಿಂದ ಬಂದ ಉತ್ತರ ಚಿಕ್ಕದು. ಸೋಂಕು ಯಾರಿಂದ ಬಂತೆಂದು ಖಚಿತವಾಗಿ ಹೇಳಲಾಗದು, ಆ ವಾರ ಕೆಲಸದವರಲ್ಲೂ ಒಬ್ಬರು ಪಾಸಿಟಿವ್ ಇದ್ದರು. ಬೇರೆಯವರು ಆ ಸಾಲನ್ನು ಓದಿ ಉಸಿರು ಬಿಡುತ್ತಿದ್ದರೇನೋ. ಇವರು ಕಾಗದವನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿದರು, ಪೆನ್ನಿನ ಪಕ್ಕ. ಈಗಲೂ ಅಲ್ಲೇ ಇದೆ.

ವಸಂತದಲ್ಲಿ ಫ್ರೌ ಲಿಂಡ್ನರ್ ಅವರ ಮಗಳನ್ನು ಕಂಡೆವು. ಪತ್ರ ಬರೆದು ಕೇಳಿದ್ದೆವು. ರೈನ್ ನದಿಯ ದಂಡೆಯಲ್ಲಿ ಭೇಟಿಯಾಗೋಣ, ಮನೆಗೆ ಬೇಡ ಎಂದು ಆಕೆ ಬರೆದಿದ್ದರು. ಒಂದು ಬೆಂಚಿನಲ್ಲಿ ಆಕೆ, ಇನ್ನೊಂದರಲ್ಲಿ ನಾವು. ಇವರು ಹೇಳಿದರು. ನಡುವೆ ಉಸಿರಿಗಾಗಿ ನಿಲ್ಲಿಸಿದಾಗ ನನ್ನ ಶನಿವಾರವನ್ನು ನಾನು ಹೇಳಿದೆ. ಮರಳು ತುಂಬಿದ ಒಂದು ದೋಣಿ ನಮ್ಮನ್ನು ದಾಟಿ ಹೋಗುವವರೆಗೂ ಆಕೆ ಅದನ್ನೇ ನೋಡುತ್ತಿದ್ದರು.

"ಕ್ಷಮಿಸಿದೆ ಅಂದರೆ ಸುಳ್ಳಾಗುತ್ತದೆ," ಅಂದರು. "ಬಂದು ಹೇಳಿದಿರಿ. ಅದಕ್ಕೆ ಥ್ಯಾಂಕ್ಸ್."

ಆಮೇಲೆ ಕೈಚೀಲದಿಂದ ಒಂದು ಕಾರ್ಡ್ ತೆಗೆದರು. ಫೋನಿನಲ್ಲಿ ಮಾತಾಡಲಾಗದ ತಾಯಿ ಮಗಳಿಗೆ ವಾರಕ್ಕೊಂದು ಬರೆಯುತ್ತಿದ್ದರಂತೆ. ಅದು ಆ ಬುಧವಾರ ಸಂಜೆಯದು. ಕೊಡಲಿಲ್ಲ, ಓದಿ ಹೇಳಿದರು.

ಇವತ್ತು ಡಾಕ್ಟರ ಮುಖ ನೋಡಿದೆ. ಎಷ್ಟು ತಿಂಗಳಾಗಿತ್ತು ಒಂದು ಮುಖ ನೋಡಿ. ಆದರೆ ಕಣ್ಣು ಕೆಂಪಗಿತ್ತು, ತುಟಿ ಒಣಗಿತ್ತು, ಜ್ವರ ಬರುವ ಹಾಗೆ ಕಾಣುತ್ತಿದ್ದರು. ಪಾಪ, ಮನೆಯಲ್ಲೇ ಇರಿ ಎಂದು ಹೇಳುವವರು ಅವರಿಗೆ ಯಾರೂ ಇಲ್ಲವೇ?

ಗುಂಡಿ ಇಲ್ಲದ್ದನ್ನು ಕಂಡಿದ್ದ ಕಣ್ಣು.

ಆ ಒಂದು ಸಾಲು ನನಗೇ ಬರೆದದ್ದು. ಪಾತ್ರೆ ತೊಳೆಯುವಾಗ, ಟ್ರಾಮಿಗೆ ಕಾಯುವಾಗ ಅದು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ನಾನು ಹೋಗು ಎನ್ನುವುದಿಲ್ಲ.

ಇವರು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ, ಅರ್ಧ ದಿನ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾರೆ. ಬುಧವಾರ ಹೈಮ್‌ಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಸ್ಲೇಟು ಇರುತ್ತದೆ, ಮಕ್ಕಳದು, ಮರದ ಚೌಕಟ್ಟಿನದು. ಮೂಗು ವಾಪಸ್ ಬಂದಿದೆ, ಆದರೆ ನೆಟ್ಟಗೆ ಬಂದಿಲ್ಲ. ಕೆಲವರಿಗೆ ಹೀಗಾಗುತ್ತದಂತೆ. ಗುಲಾಬಿ ಗುಲಾಬಿಯಂತೆಯೇ ಇದೆ. ಕಾಫಿ ಮಾತ್ರ ಎಷ್ಟು ಒಳ್ಳೆಯ ಹಾಲು ಹಾಕಿದರೂ ಸೀದ ವಾಸನೆ. ದಿನಾ.

ಹೋದ ವಾರ ಬುಧವಾರ ಬೆಳಿಗ್ಗೆ ಬಚ್ಚಲಮನೆಯಲ್ಲಿ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಒಂದೇ ಸಲ.

ಒಲೆ ಆರಿಸಿದೆ. ಹೋಗಿ ಗೂಟದಿಂದ ಕೋಟು ತೆಗೆದು ಎದೆಗವುಚಿಕೊಂಡು ಬಾಗಿಲಿಗೆ ಅಡ್ಡ ನಿಂತೆ.

"ಏನೇ ಇದು?"

"ಇವತ್ತು ಹೋಗ್ಬೇಡಿ."

"ಟೆಸ್ಟ್ ನೆಗೆಟಿವ್ ಇದೆ. ಲಸಿಕೆ ಆಗಿದೆ."

"ಆಗಿರ್ಲಿ. ಹೋಗ್ಬೇಡಿ."

ನನ್ನ ಮುಖವನ್ನು ನೋಡಿದರು. ಈ ಸಲ ಚೆನ್ನಾಗಿ ನೋಡಿದರು. ಆಮೇಲೆ ಹೈಮ್‌ಗೆ ಫೋನ್ ಮಾಡಿ, ಗಂಟಲು ಸರಿಯಿಲ್ಲ, ಬರುತ್ತಿಲ್ಲ, ಬೇರೆಯವರನ್ನು ಕರೆಸಿ ಅಂದರು. ಏನೂ ಆಗಿರಲಿಲ್ಲ, ಮಾರನೆಯ ದಿನಕ್ಕೆ ಸರಿಹೋಯಿತು.

ಕೋಟನ್ನು ಗೂಟಕ್ಕೆ ಹಾಕಿ ಬಂದು ಎರಡು ಲೋಟ ಕಾಫಿ ಬೆರೆಸಿದೆ. ಇವರು ಒಂದು ಗುಟುಕು ಕುಡಿದರು.

"ಸೀದಿದೆ ಕಣೇ," ಅಂದರು.

ಸೀದಿರಲಿಲ್ಲ. ಇಬ್ಬರೂ ಪೂರ್ತಿ ಕುಡಿದೆವು.