ಕರೆಂಟಾಸುರನ ಸಾವು

ಒಳ್ಳೆಯವರ ಚಿತ್ರ ಬರೆಯುವುದು ನನ್ನ ಕೈಲಾಗದ ಕೆಲಸ. ಡ್ರಾಯಿಂಗ್ ಮೇಷ್ಟ್ರಾಗಿ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗಬೇಕು, ಆಗುವುದಿಲ್ಲ. ಒಳ್ಳೆಯವನಿಗೆ ಎರಡು ಕಣ್ಣು, ಒಂದು ಮೂಗು ಬರೆದರೆ ಮುಗಿಯಿತು. ಕೆಟ್ಟವನಿಗಾದರೆ ಹುಬ್ಬೊಂದಕ್ಕೇ ಅರ್ಧ ದಿನ ಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ಕೃಷ್ಣರಾಜನಗರದ ನನ್ನ ಗೆಳೆಯನೊಬ್ಬ ವಾರಪತ್ರಿಕೆ ನಡೆಸುತ್ತಿದ್ದ. ಅದಕ್ಕೊಂದು ಚಿತ್ರಕಥೆ ಬೇಕೆಂದ. ಪ್ಯಾಂಟಿನ ಮೇಲೆ ಚಡ್ಡಿ ಹಾಕಿಕೊಂಡು ಆಕಾಶದಲ್ಲಿ ಹಾರುವ ವೀರನೊಬ್ಬನನ್ನು ಬರೆದುಕೊಟ್ಟೆ. ಓದುಗರು ಯಾರೂ ಕ್ಯಾರೇ ಅನ್ನಲಿಲ್ಲ. ಎದುರಾಳಿಯಾದರೂ ಇರಲಿ ಎಂದು ಕರೆಂಟಾಸುರನನ್ನು ತಂದೆ. ಊರೂರ ಕರೆಂಟನ್ನು ತಂತಿಗೇ ಬಾಯಿಟ್ಟು ಕುಡಿಯುವವನು. ಪಂಪ್‌ಸೆಟ್ಟಿನ ಮುಂದೆ ಕರೆಂಟು ಕಾದು ಕೂರುವ ನಮ್ಮ ಕಡೆಯವರಿಗೆ ಅದು ಎಲ್ಲಿ ಹೋಗುತ್ತದೆ ಎಂಬುದಕ್ಕೆ ಕೊನೆಗೂ ಉತ್ತರ ಸಿಕ್ಕಿತು. ಅವನನ್ನು ಬೈಯಬೇಕಾದವರು ಮೆಚ್ಚಿಬಿಟ್ಟರು. ವೀರ ಮೂಲೆಗೆ ಸರಿದ, ಕಥೆಯೆಲ್ಲ ಅಸುರನದೇ ಆಯಿತು.

ನನಗಿದ್ದದ್ದು ಒಂದೇ ಭಯ. ಅಸುರನ ಮೀಸೆ ಮಿರ್ಲೆ ಹಳ್ಳಿಯಲ್ಲಿದ್ದ ನನ್ನ ಮಾವನದು, ಹೆಂಡತಿಯ ತಂದೆಯದು.

ಮಾವ ವರ್ಷವರ್ಷವೂ ಪೌರಾಣಿಕ ನಾಟಕದಲ್ಲಿ ಖಳನಾಗುತ್ತಿದ್ದವರು. ನಮ್ಮ ಹಳ್ಳಿ ನಾಟಕಗಳಲ್ಲಿ ಪಾತ್ರವನ್ನು ದುಡ್ಡು ಕೊಟ್ಟೇ ಪಡೆಯಬೇಕು. ಧರ್ಮಾತ್ಮರು ಅಗ್ಗ, ದೇವರಿಗೂ ಚೌಕಾಸಿ ಉಂಟು, ಎಲ್ಲಕ್ಕಿಂತ ದುಬಾರಿ ಖಳನೇ. ಒಂದು ಜೊತೆ ಎತ್ತು ಆ ಕಿರೀಟಕ್ಕೇ ಹೋಯಿತೆಂದು ಅತ್ತೆ ಈಗಲೂ ಗೊಣಗುತ್ತಾರೆ. ಪ್ರತಿನಾಯಕನನ್ನು ಹಿರಿದಾಗಿ ಬಣ್ಣಿಸಿದಷ್ಟೂ ಗೆದ್ದವನಿಗೇ ಹೆಚ್ಚುಗಾರಿಕೆ ಎಂದು ನಮ್ಮ ಅಲಂಕಾರಶಾಸ್ತ್ರದವರು ಹೇಳಿದ್ದಾರೆ. ಮಾವ ಶಾಸ್ತ್ರ ಓದಿದವರಲ್ಲ, ಎತ್ತು ಮಾರಿ ತಿಳಿದುಕೊಂಡವರು.

ಆ ವರ್ಷ ಮಂಡಿನೋವು ಹೆಚ್ಚಾಗಿ ಪಾತ್ರ ಬೇರೆಯವರ ಪಾಲಾಗಿತ್ತು. ಮಾವ ಮಂಕಾಗಿ ಜಗಲಿ ಹಿಡಿದಿದ್ದರು. ಗೊಂಬೆ ಬರೆಯುವ ಅಳಿಯನೆಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಒಂದು ಭಾನುವಾರ ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು.

“ಅಳಿಯಂದ್ರೇ, ಈ ಮೀಸೆ ನಂದಲ್ವಾ?”

ಹೌದೆಂದೆ.

“ಮೀಸೆ ಇರ್ಲಿ ಬುಡಿ. ಖಳ ಅನ್ನೋನು ಇಂಗೆ ಸುಮ್ಕೆ ಬಂದು ನಿಂತ್ಕಂಡಾನಾ? ಅವ್ನು ಬತ್ತಾನೆ ಅಂದ್ರೆ ಪರದೆ ಅಳ್ಳಾಡ್ಬೇಕು ಕಣ್ರೀ!”

ಅಂದಿನಿಂದ ಪ್ರತಿ ಭಾನುವಾರ ಮಿರ್ಲೆಗೆ ನನ್ನ ಸವಾರಿ. ಮಾವ ಟವೆಲು ಹೆಗಲಿಗೇರಿಸಿ, ಕೂತಲ್ಲೇ ಅಬ್ಬರಿಸುವರು. ನಾನು ಬರೆದುಕೊಳ್ಳುವೆ. ಅವರ ಮುಖಕ್ಕೆ ಮತ್ತೆ ಕಳೆ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಗೆಳೆಯ ಬಾಂಬು ಹಾಕಿದ. ಹುಡುಗರು ಮೀಟರ್ ಬೋರ್ಡಿಗೆ ಬಾಯಿ ಹಾಕಿಯಾರೆಂದು ಹೆಡ್‌ಮಾಸ್ಟರುಗಳು ಹೆದರಿದ್ದಾರಂತೆ, ಅಸುರನನ್ನು ಬೇಗ ಮುಗಿಸಬೇಕಂತೆ. ಒಮ್ಮೆ ಪಾತ್ರ ಕಳೆದುಕೊಂಡ ಮನುಷ್ಯನಿಂದ ಎರಡನೆಯ ಸಲ ನಾನೇ ಅದನ್ನು ಕಿತ್ತುಕೊಳ್ಳಬೇಕು! ಭಾನುವಾರ ಬಸ್ಸು ಹತ್ತಿ ಮಿರ್ಲೆಗೆ ಹೋಗಿ ವಿಷಯ ತಿಳಿಸಿದೆ. ಮಾವ ಎಲ್ಲ ಕೇಳಿ ಮೀಸೆ ಸವರಿಕೊಂಡರು.

“ಸಾಯ್ಲಿ ಬುಡಿ. ಸೋಲಕ್ಕೆ ಅಂತ್ಲೇ ಅಲ್ವಾ ನಾನು ಅಷ್ಟೊಂದು ಕಾಸು ಕೊಟ್ಟಿದ್ದು? ಗೆದ್ದೋನ್ಗೆ ಜನ ಚಪ್ಪಾಳೆ ತಟ್ಟಿ ಮನೆಗೋಯ್ತಾರೆ. ಅಳೋದು ಸೋತೋನ್ಗೇ ಕಣ್ರೀ. ಆದ್ರೆ ಒಂದೇ ಏಟ್ಗೆ ಸಾಯಿಸ್ಬ್ಯಾಡಿ. ನಾಕು ವಾರ ಎಳೀರಿ.”

ಎಳೆದೆ. ಕೊನೆಯ ಸಂಚಿಕೆಯನ್ನು ಮಾವ ಜಗಲಿಯ ಮೇಲೆ ತಮ್ಮ ನಾಟಕದ ದನಿಯಲ್ಲಿ ಗಟ್ಟಿಯಾಗಿ ಓದಿದರು. ಬೀದಿಯವರೆಲ್ಲ ಸೇರಿದರು. ಕರೆಂಟಾಸುರ ಸಾಯುವ ಮುಂಚೆ ಕುಡಿದ ಕರೆಂಟನ್ನೆಲ್ಲ ಕಕ್ಕಿದ, ಊರೂರಿನಲ್ಲೂ ದೀಪ ಹತ್ತಿತು. ಮಾವ ಚಾಪೆಯ ಮೇಲೆ ಉರುಳಿ ಕಣ್ಣು ಮುಚ್ಚಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಲ್ಲಲ್ಲಿ ಮೂಗು ಸೀಟುವ ಸದ್ದು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದರು.

“ಬಂಗಾರದಂತೋನ್ನ ಸಾಯಿಸ್ಬುಟ್ರಲ್ಲ ಅಳಿಯಂದ್ರೇ! ಇವತ್ತು ನಿಮ್ಗೆ ಊಟ ಇಲ್ಲ, ಓಗಿ!”

ಸತ್ತವರು ಒಂದು ಕಣ್ಣು ತೆರೆದರು.

“ಲೇ, ಇಬ್ರಿಗೂ ಒಟ್ಗೇ ಇಕ್ಕು. ಸತ್ತೋನ್ಗೂ ಅಸಿವಾಯ್ತದೆ.”